ಬೆಟ್ಟದ ಮೇಲೆ ಕಳೆದ ಕರಡಿಗೆ

ನನ್ನ ಹೆಂಡತಿ ಹೇಳುತ್ತಿದ್ದ ಕಥೆಯಲ್ಲಿ ನಾನು ಯಾವಾಗಲೂ ಏದುಸಿರು ಬಿಡುತ್ತ ಹಿಂದೆ ಉಳಿದ ಮನುಷ್ಯ. ನಾವಿಬ್ಬರೂ ಡಾರ್ಜಿಲಿಂಗಿನ ಬೆಟ್ಟಗಳಿಗೆ ಹೋಗಿಬಂದ ಕಥೆ ಅದು. ಕಲಬುರಗಿಯ ನಮ್ಮ ಓಣಿಯಲ್ಲಾಗಲಿ, ಕಮಲಾಪುರದ ಅವಳ ತವರಿನಲ್ಲಾಗಲಿ ಅದನ್ನು ಕೇಳದವರಿಲ್ಲ. ಅವಳು ಹೇಳುವಾಗ ನಾನು ಪಕ್ಕದಲ್ಲಿ ಕುಳಿತು ಆಗಾಗ ‘ಹೂಂ’ ಅನ್ನಬೇಕು. ನನ್ನ ಪಾಲು ಅಷ್ಟೇ.

ಅವಳು ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದವರು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಏನು ಮಾತಾಡಬೇಕೋ ತಿಳಿಯದೆ, “ಆ ಗುಡ್ಡದ ಕಥಿ ಹೇಳ್ರಿ. ಅಕ್ಕೋರು ಎಷ್ಟ್ ಚಂದ ಹೇಳ್ತಿದ್ರು” ಅನ್ನುತ್ತಾರೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಆ ಕಥೆಯ ಒಂದು ತುಣುಕನ್ನು ಅವಳು ಪ್ರತಿ ಸಲವೂ ಬಿಟ್ಟು ಹೇಳುತ್ತಿದ್ದಳು. ಅದನ್ನು ಬಲ್ಲವನು ಈಗ ನಾನೊಬ್ಬನೇ.

ನಾನು ಹೆಚ್ಚು ಓದಿದವನಲ್ಲ. ನಿಜಾಮರ ಸರ್ಕಾರದ ಶಾಲೆಯಲ್ಲಿ ನಾಲ್ಕೈದು ವರ್ಷ ಉರ್ದು ಕಲಿತೆ. ಕನ್ನಡ ಅಕ್ಷರಗಳನ್ನು ಮಠದ ಪಡಸಾಲೆಯಲ್ಲಿ ಮರಳಿನ ಮೇಲೆ ತಿದ್ದಿದವನು. ಕೋಟೆಯ ಹತ್ತಿರ ನಮ್ಮದೊಂದು ಕಂಬಳಿ, ಧೋತರದ ಅಂಗಡಿ. ದೊಡ್ಡ ಯುದ್ಧ ಮುಗಿದ ಹೊಸತರಲ್ಲಿ ಸಿಪಾಯಿಗಳ ಹಳೆಯ ಓವರ್‌ಕೋಟುಗಳು ಮುಂಬೈಯಲ್ಲಿ ಅಗ್ಗವಾಗಿ ಸಿಗುತ್ತಿವೆಯೆಂದು ಕೇಳಿ ಒಂದು ದೊಡ್ಡ ಗಂಟು ತರಿಸಿಬಿಟ್ಟೆ. ಕಲಬುರಗಿಯ ಬಿಸಿಲಲ್ಲಿ ಉಣ್ಣೆಯ ಓವರ್‌ಕೋಟು! ಕೊಳ್ಳುವವರಿರಲಿ, ಮುಟ್ಟಿ ನೋಡಿದವರಿಗೇ ಬೆವರು ಬರುತ್ತಿತ್ತು. ಒಬ್ಬ ಮುದುಕ ಮಾತ್ರ ಒಂದನ್ನು ಒಯ್ದ. ಎಮ್ಮೆ ಕರು ಹಾಕಿದೆ, ಕರುವಿಗೆ ಹೊದಿಸಬೇಕು ಎಂದ.

“ನೀವು ಹಿಮದ ಗುಡ್ಡದಾಗ ಅಂಗಡಿ ಇಡಬೇಕಿತ್ತು ನೋಡ್ರಿ,” ಎಂದಳು ಹೆಂಡತಿ.

ಮಗಳ ಮದುವೆ ಮಾಡಿದ ಮರುವರ್ಷ ಕಾಶಿಗೆ ಹೊರಟೆವು. ಕಮಲಾಪುರದಿಂದ ಅವಳ ಅಣ್ಣ ಎತ್ತಿನ ಗಾಡಿಯಲ್ಲಿ ಒಂದು ಗೊನೆ ಕೆಂಪು ಬಾಳೆ ತಂದು ಸ್ಟೇಷನ್ನಿನಲ್ಲಿ ಇಳಿಸಿದರು. ಕಾಶಿಯ ನಮ್ಮ ಮಠಕ್ಕೆ ಒಪ್ಪಿಸಬೇಕಂತೆ. ಕಮಲಾಪುರದ ಬಾಳೆ ಹಣ್ಣಾದರೆ ಹತ್ತು ಮನೆಗೆ ಗೊತ್ತಾಗುತ್ತದೆ. ರೈಲಿನ ಡಬ್ಬಿಯ ಸೆಕೆಗೆ ಎರಡನೆಯ ದಿನವೇ ಅದು ಘಮಘಮ ಅನ್ನತೊಡಗಿತು. ಎದುರಿಗೆ ಕುಳಿತ ಮಾರವಾಡಿಗಳ ಮಕ್ಕಳು ಗೊನೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಅವಳು ಒಂದೊಂದೇ ಕಿತ್ತು ಕೊಡುತ್ತ ಬಂದಳು. ಕಾಶಿ ಮುಟ್ಟುವ ಹೊತ್ತಿಗೆ ಉಳಿದದ್ದು ದಿಂಡು, ಎಂಟು ಹಣ್ಣು. ಮಠದವರು ಆ ಎಂಟನ್ನೇ ಪ್ರೀತಿಯಿಂದ ಒಪ್ಪಿಕೊಂಡರು.

ಆ ಮಠದಲ್ಲಿಯೇ ಬೀದರಿನ ಕಡೆಯ ಯಾತ್ರಿಕರೊಬ್ಬರು ಡಾರ್ಜಿಲಿಂಗಿನ ಮಾತು ತೆಗೆದರು. ಅಲ್ಲಿ ನಿಂತರೆ ಹಿಮದ ಬೆಟ್ಟ ಎದುರಿಗೇ ಕಾಣುತ್ತದೆ, ರೈಲು ಮೇಲಿನತನಕ ಹೋಗುತ್ತದೆ ಎಂದರು. ನನ್ನ ಹೆಂಡತಿ ರಾತ್ರಿಯ ಊಟ ಅರ್ಧಕ್ಕೇ ನಿಲ್ಲಿಸಿದಳು.

“ಅದು ಕೈಲಾಸ ಏನ್ರಿ ಯಣ್ಣಾ?”

“ಅಲ್ರಿ ಅಕ್ಕಾ, ಕಾಂಚನಜುಂಗಾ ಅಂತಾರ.”

“ಹೆಸರು ಏನರ ಇರಲಿ. ಹಿಮದ ಗುಡ್ಡ ಅಂದ್ರ ಶಿವನ ಮನಿ. ಯಾವ ಬಾಗಲಿಂದ ನೋಡಿದ್ರೂ ಅದ ಮನಿ.” ಹಾಗೆಂದು ನನ್ನ ಕಡೆ ತಿರುಗಿದಳು. “ನಿಮ್ಮ ಕೋಟು ಎರಡು ತಂದೇವಲ್ರಿ. ಇಲ್ಲಿ ಕಾಶಿಯಾಗ ಅವನ್ನ ಏನ್ ಮಾಡೋಣು?”

ಕೋಟುಗಳನ್ನು ಗಂಟಿಗೆ ಸೇರಿಸಿದವಳು ಅವಳೇ. ಕಾಶಿಯಲ್ಲಿ ಚಳಿ ಇರುತ್ತದೆ ಅಂದಿದ್ದಳು. ಮುಂದಿನದನ್ನು ಆಗಲೇ ಯೋಚಿಸಿದ್ದಳೋ ಏನೋ, ನಾನು ಕೇಳಲಿಲ್ಲ.

ಎರಡು ಮೂರು ಗಾಡಿ ಬದಲಿಸಿ ಬೆಟ್ಟದ ಬುಡ ಮುಟ್ಟಿದೆವು. ಅಲ್ಲಿಂದ ಮುಂದಿನ ರೈಲು ಆಟಿಕೆಯಷ್ಟೇ ಇತ್ತು. ಕೆಲವು ಕಡೆ ಅದು ಮುಂದೆ ಹೋಗಲಾರದೆ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಿ, ಹಾಗೆಯೇ ಬೆಟ್ಟ ಹತ್ತುತ್ತಿತ್ತು. “ನಿಮ್ಮಂಗ ಅದ ನೋಡ್ರಿ, ಹೆಜ್ಜಿ ಹೆಜ್ಜಿಗೆ ವಿಚಾರ ಮಾಡ್ತದ” ಎಂದಳು. ಘೂಮ್ ಎಂಬ ಸ್ಟೇಷನ್ನಿನಲ್ಲಿ ಇಳಿದಾಗ ಬಾಯಿಂದ ಹೊಗೆ ಬರುತ್ತಿತ್ತು. ಅವಳು ಸೀರೆಯ ಮೇಲೆ ಓವರ್‌ಕೋಟು ಹಾಕಿ, ಮೇಲೆ ಸೆರಗು ಹೊದ್ದು ನಿಂತಳು. ಕೋಟು ಅವಳ ಹಿಮ್ಮಡಿ ಮುಟ್ಟುತ್ತಿತ್ತು.

ಆಗ ನಮ್ಮ ಟ್ರಂಕು ಹೊರಲು ಬಂದದ್ದು ಒಬ್ಬ ಹೆಂಗಸು. ಅಲ್ಲಿ ಹಮಾಲಿ ಮಾಡುವವರಲ್ಲಿ ಟಿಬೇಟ್ ಮೂಲದ ಭೂಟಿಯಾ ಹೆಂಗಸರೇ ಹೆಚ್ಚು. ಟ್ರಂಕು ಬೆನ್ನ ಮೇಲೆ, ಅದರ ಪಟ್ಟಿ ಹಣೆಯ ಮೇಲೆ, ಕೈಗಳು ಖಾಲಿ. ನನ್ನಂಥ ಇಬ್ಬರು ಸೇರಿ ಎತ್ತಲಾರದ್ದನ್ನು ಹೊತ್ತು ಹಾಡುತ್ತ ನಡೆಯುತ್ತಾರೆ. ಈ ಹೆಂಗಸಿಗೆ ನಲವತ್ತರ ಆಸುಪಾಸು. ಕೆನ್ನೆ ಕೆಂಪಗೆ ಒಡೆದಿದ್ದವು. ಕೊರಳಿನಿಂದ ಎದೆಯ ಮೇಲೆ ಒಂದು ಬೆಳ್ಳಿಯ ಡಬ್ಬಿ ತೂಗುತ್ತಿತ್ತು.

ನನ್ನ ಹೆಂಡತಿ ಗಕ್ಕನೆ ನಿಂತಳು. ಸುತ್ತ ನೋಡಿದಳು. ಇನ್ನೊಬ್ಬಳ ಕೊರಳಲ್ಲೂ ಬೆಳ್ಳಿಯ ಡಬ್ಬಿ. ಒಬ್ಬ ಮುದುಕನ ಕೊರಳಲ್ಲಿ ತಾಮ್ರದ್ದು.

“ರೀ,” ಎಂದು ನನ್ನ ತೋಳು ಹಿಡಿದಳು. “ಇವರೆಲ್ಲ ನಮ್ಮವರs ಅದಾರ!”

ಇಲ್ಲಿ ನಮ್ಮವರ ಪದ್ಧತಿಯನ್ನು ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಗು ಹುಟ್ಟಿದ ಕೆಲವು ದಿನಕ್ಕೇ ಗುರುಗಳು ಇಷ್ಟಲಿಂಗ ಕಟ್ಟುತ್ತಾರೆ. ಉಸಿರಿರುವತನಕ ಅದು ಮೈಮೇಲಿರಬೇಕು. ಅದನ್ನಿಡುವ ಬೆಳ್ಳಿಯ ಸಂಪುಟಕ್ಕೆ ಕರಡಿಗೆ ಎನ್ನುತ್ತೇವೆ. ಶಿವದಾರ ಎಂಬ ನೂಲಿನಿಂದ ಅದು ಎದೆಯ ಮೇಲೆ ತೂಗುತ್ತದೆ. ಬೆಳಿಗ್ಗೆ ಮಿಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ನೀರು, ಅನ್ನ. ಲಿಂಗ ಕಳೆದುಹೋದರೆ ಅದು ಸಿಗುವತನಕ, ಇಲ್ಲವೆ ಗುರುಗಳು ಬೇರೆ ಕೊಡುವತನಕ, ಹನಿ ನೀರೂ ಮುಟ್ಟುವಂತಿಲ್ಲ. ಇದನ್ನು ಅಷ್ಟು ಬಿಗಿಯಾಗಿ ಹಿಡಿಯದವರೂ ಇದ್ದಾರೆ. ನಾನೇ ಅಂಗಡಿಯ ಗಡಿಬಿಡಿಯಲ್ಲಿ ಪೂಜೆಯನ್ನು ಚುಟುಕಾಗಿ ಮುಗಿಸುವವನು. ನನ್ನ ಹೆಂಡತಿ ಹಾಗಿರಲಿಲ್ಲ.

ಅವಳು ಆ ಹಮಾಲಿ ಹೆಂಗಸಿನ ಮುಂದೆ ಕೈಮುಗಿದು ಬಾಗಿ, “ಶರಣ್ರಿ ಯಕ್ಕಾ” ಅಂದಳು. ಆ ಹೆಂಗಸು ಟ್ರಂಕನ್ನು ಹೊತ್ತೇ ಸ್ವಲ್ಪ ಬಾಗಿ ನಾಲಿಗೆ ಹೊರಚಾಚಿದಳು.

“ಅಯ್ಯ ಶಿವನ! ನಾ ಶರಣು ಅಂದ್ರ ನಾಲಗಿ ತೋರಸ್ತಾಳಲ್ರಿ!”

ನನಗೂ ದಿಗಿಲಾಯಿತು. ಸ್ಟೇಷನ್ನಿನವರೊಬ್ಬರು ನಕ್ಕು, ಹಿರಿಯರಿಗೆ ಗೌರವ ತೋರಿಸಲು ಟಿಬೇಟಿನ ಕಡೆಯವರು ನಾಲಿಗೆ ಚಾಚುತ್ತಾರೆ, ಅದು ದೊಡ್ಡ ಮರ್ಯಾದೆ ಎಂದು ಹಿಂದುಸ್ತಾನಿಯಲ್ಲಿ ತಿಳಿಸಿದರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ, ಸೆರಗಿನ ಮರೆಯಲ್ಲಿ, ತಾನೂ ತುಸು ನಾಲಿಗೆ ಚಾಚಿದಳು. ಇಬ್ಬರೂ ಹೆಂಗಸರು ಬಿದ್ದು ಬಿದ್ದು ನಕ್ಕರು. ಟ್ರಂಕು ಬೆನ್ನ ಮೇಲೆ ಗಡಗಡ ಅಂದಿತು.

ಇಳಿದುಕೊಂಡ ಮನೆಯಲ್ಲಿ ನಾನು ಹೆಂಡತಿಗೆ ಬಿಡಿಸಿ ಹೇಳಿದೆ. ಇವರು ಬುದ್ಧನನ್ನು ಪೂಜಿಸುವವರು, ಆ ಡಬ್ಬಿಯಲ್ಲಿ ಬುದ್ಧನ ಚಿಕ್ಕ ಮೂರ್ತಿಯೋ ಮಂತ್ರದ ಕಾಗದವೋ ಇರುತ್ತದಂತೆ, ಲಿಂಗವಲ್ಲ. ಅವಳು ಒಪ್ಪಲಿಲ್ಲ. ಬರುವ ಹಾದಿಯಲ್ಲಿ ಅವಳು ಒಳಗೇನಿದೆ ಎಂದು ಸನ್ನೆಯಲ್ಲಿ ಕೇಳಿದಾಗ ಆ ಹೆಂಗಸು ಡಬ್ಬಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

“ಕಂಡವರಿಗೆಲ್ಲ ತೆರೆದು ತೋರಸೂ ವಸ್ತು ಅಲ್ಲಂತ ಆಕಿಗೆ ಗೊತ್ತದ. ನಿಮಗ ಗೊತ್ತಿಲ್ಲ. ಎದಿ ಮ್ಯಾಲ ದೇವರನ್ನ ಇಟ್ಕೊಂಡು ದುಡದು ತಿನ್ನವರು ನಮ್ಮವರಲ್ಲದ ಮತ್ತ ಯಾರು?”

ಮೂರು ದಿನ ಮಂಜು. ಎದುರಿನ ಮರವೇ ಕಾಣದು, ಬೆಟ್ಟವೆಲ್ಲಿ ಬಂತು! ಅವಳು ಆ ಚಳಿಯಲ್ಲೂ ತಣ್ಣೀರಲ್ಲಿ ಮಿಂದು, ಹಲ್ಲು ಕಟಕಟಿಸುತ್ತ ಪೂಜೆಗೆ ಕೂರುವಳು. ನಾನು ಕಂಬಳಿಯೊಳಗಿನಿಂದಲೇ ಶಿವಶಿವಾ ಅನ್ನುವೆ. ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಗಿಯುತ್ತ ಬಂದಿದ್ದವು. ಭೂಟಿಯಾ ಹೆಂಗಸು ದಿನಾ ಬಂದು ಒಲೆಯ ಮುಂದೆ ಕೂರುವಳು. ರೊಟ್ಟಿಯನ್ನು ಕಟುಂ ಎಂದು ಮುರಿದು ತಿನ್ನುವಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ನಾಲ್ಕನೆಯ ದಿನ ಅವಳು ನನಗೆ, “ಕಲ್ ಉಪರ್ ಚಲೋ ಬಾಬು, ಪಹಾಡ್ ದಿಖೇಗಾ” ಎಂದಳು. ನಾಳೆ ಮೇಲೆ ಹತ್ತಿದರೆ ಹಿಮದ ಬೆಟ್ಟ ಕಾಣುತ್ತದಂತೆ; ಮೇಲಿನ ಏಣಿನಲ್ಲಿ, ಗುಡ್ಡದ ನೆತ್ತಿಯ ಅಂಚಿನಲ್ಲಿ, ಅವಳ ಹಳ್ಳಿಯಂತೆ, ಅಲ್ಲಿ ಮಂಜು ಕೆಳಗೇ ಉಳಿಯುತ್ತದಂತೆ.

ಹೋದೆವು. ಹೆಂಗಸರಿಬ್ಬರೂ ಮುಂದೆ, ನಾನು ಹಿಂದೆ. ಇಪ್ಪತ್ತು ಹೆಜ್ಜೆಗೊಮ್ಮೆ ಉಸಿರು ಹಿಡಿಯಲು ನಿಲ್ಲಬೇಕಾಗುತ್ತಿತ್ತು. ಅಲ್ಲಿಯ ಗಾಳಿ ಎಷ್ಟು ಎಳೆದುಕೊಂಡರೂ ಎದೆ ತುಂಬದು. ಏಣಿನ ಮೇಲೆ ಬಂದಾಗ, ಮೋಡದ ಮೇಲೆ ಇನ್ನೊಂದು ಮೋಡವೆಂದು ನಾನು ನೋಡುತ್ತಿದ್ದದ್ದೇ ಬೆಟ್ಟವೆಂದು ತಿಳಿಯಿತು. ಅಷ್ಟು ಎತ್ತರದಲ್ಲಿ ಬೆಟ್ಟವನ್ನು ಹುಡುಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿ ಎದ್ದಳು. ಸೆರಗಿನಿಂದ ಹಣೆಯ ಮಣ್ಣು ಒರೆಸಿಕೊಂಡಳು. ಆಮೇಲೆ, “ನಿಮ್ಮ ಅಂಗಡ್ಯಾಗ ಇಷ್ಟು ಬೆಳ್ಳನ ಧೋತರ ಒಂದೂ ಇಲ್ಲ ಬಿಡ್ರಿ” ಎಂದಳು.

ಇಳಿಯುವಾಗ ಮತ್ತೆ ಮಂಜು ಕವಿಯಿತು. ಇಳಿದುಕೊಂಡ ಮನೆಗೆ ಬಂದು ಓವರ್‌ಕೋಟು ತೆಗೆದವಳು ಎದೆಯ ಮೇಲೆ ಕೈಯಿಟ್ಟು ಹಾಗೇ ನಿಂತಳು. ಶಿವದಾರದ ಒಂದು ತುದಿ ಕೋಟಿನ ಹಿತ್ತಾಳೆಯ ಕೊಂಡಿಗೆ ಸಿಕ್ಕಿಕೊಂಡಿತ್ತು. ಕರಡಿಗೆ ಇರಲಿಲ್ಲ. ಐದು ದಿನ ಆ ಕೊಂಡಿ ನೂಲನ್ನು ತೇಯುತ್ತಲೇ ಇತ್ತೇನೋ. ಸಿಪಾಯಿಯ ಎದೆಗೆ ಹೊಲಿದ ಕೋಟು ಅದು. ತರಿಸಿದವನು ನಾನು.

ಅವಳು ಅಳಲಿಲ್ಲ. ಒಲೆಯ ಮುಂದೆ ಕುಳಿತಳು. ನಾನು ಕೊಟ್ಟ ನೀರಿನ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು.

“ಕಾಶಿಗೆ ಹೋಗೋಣು,” ಎಂದೆ. “ಮಠದಾಗ ಗುರುಗಳು ಬ್ಯಾರೆ ಕಟ್ಟತಾರ.”

“ಕಾಶಿ ಎಷ್ಟು ದಿನದ ಹಾದಿ?”

“ಮೂರು.”

“ಮೊದಲ ಹುಡುಕೋಣು. ಕಾಡಿನಾಗ ಒಗದು ಹೋಗೂದಲ್ಲ ಅದು.”

ನಾನು ಮನಸ್ಸಿನಲ್ಲೇ ಎಣಿಸಿದೆ. ಹುಡುಕಲು ಎರಡು ದಿನ, ಹಾದಿಗೆ ಮೂರು. ಐದು ದಿನ ನೀರಿಲ್ಲದೆ ಮನುಷ್ಯ ಉಳಿಯುತ್ತಾನೆಯೇ? ಅವಳು ಹಟಕ್ಕೆ ಹೇಳುವವಳಾಗಿದ್ದರೆ ಒಲಿಸಬಹುದಿತ್ತು. ಮಳೆ ಬರುತ್ತಿದೆ, ಒಳಗೆ ಕೂತಿರೋಣ ಎಂಬಷ್ಟು ಸಹಜವಾಗಿ ಹೇಳಿದಳು.

ಭೂಟಿಯಾ ಹೆಂಗಸಿಗೆ ತಿಳಿಸಿ ಹೇಳುವುದೇ ಬೇಕಾಗಲಿಲ್ಲ. ಬರಿಯ ಎದೆಯ ಮೇಲೆ ಹೆಂಡತಿ ಕೈಯಿಟ್ಟದ್ದನ್ನು ನೋಡಿ ತನ್ನ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕ್ಷಣವೇ ಎದ್ದು ಮಂಜಿನೊಳಗೆ ಹೋದಳು. ಆ ದಿನ ಮರಳಿ ಬರಲಿಲ್ಲ. ಮರುದಿನ ನಾನು ಇಡೀ ದಿನ ಆ ಹಾದಿಯ ಕಲ್ಲು, ಪೊದೆ ತಡಕಿದೆ. ಮಂಜಿನಲ್ಲಿ ನನ್ನ ಕೈಯೇ ನನಗೆ ಕಾಣದು. ಸಂಜೆ ಬಂದಾಗ ಹೆಂಡತಿಯ ತುಟಿ ಬಿಳಚಿತ್ತು. ನಾನೂ ಉಣ್ಣುವುದಿಲ್ಲವೆಂದೆ.

“ನಿಮ್ಮ ಲಿಂಗ ನಿಮ್ಮ ಎದಿ ಮ್ಯಾಲ ಅದ. ನೀವ್ ಯಾಕ ಉಪವಾಸ? ಉಣ್ರಿ ಸುಮ್ಮ. ನೀವೂ ಬಿದ್ರ ಈ ಗುಡ್ಡದಾಗ ನನ್ನ ಹೊತ್ಕೊಂಡು ಹೋಗವರ ಯಾರು?” ನಗಲು ಹೋದಳು. ಒಣಗಿದ ತುಟಿ ಒಡೆದು ರಕ್ತ ಬಂತು.

ಅವಳು ಬಿಟ್ಟು ಹೇಳುತ್ತಿದ್ದ ತುಣುಕು ಮುಂದಿನದು.

ಮೂರನೆಯ ದಿನ ಬೆಳಿಗ್ಗೆ ಹುಡುಕಲು ಹೋಗುತ್ತೇನೆಂದು ಹೊರಬಿದ್ದೆ. ಮನೆಯ ಹಿಂದಿನ ಮರದ ಕೆಳಗೆ ನಿಂತು ನನ್ನ ಲಿಂಗವನ್ನು ಸಂಪುಟದಿಂದ ತೆಗೆದೆ. ಎಲ್ಲರ ಲಿಂಗವೂ ನೋಡಲು ಒಂದೇ. ನೇರಳೆ ಹಣ್ಣಿನಷ್ಟು ಗಾತ್ರ, ಕರಿಯ ಲೇಪ. ಅದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿದೆ. ಖಾಲಿ ಸಂಪುಟವನ್ನು ಅಂಗಿಯೊಳಗೆ ಬಿಟ್ಟುಕೊಂಡೆ. ಒಂದು ತಾಸು ಅಲ್ಲೇ ಸುತ್ತಾಡಿ ಒಳಗೆ ಬಂದು, ಸಿಕ್ಕಿತು ಎಂದೆ. ಕರಡಿಗೆ ಕಲ್ಲಿಗೆ ಬಡಿದು ಒಡೆದು ಕಣಿವೆಗೆ ಬಿದ್ದಿದೆ, ಲಿಂಗ ಮಾತ್ರ ಹುಲ್ಲಿನಲ್ಲಿತ್ತು ಎಂದೆ. ಹುಟ್ಟಿದಾಗಿನಿಂದ ಅಷ್ಟು ನೀಟಾದ ಸುಳ್ಳನ್ನು ನಾನು ಗಿರಾಕಿಗಳಿಗೂ ಹೇಳಿರಲಿಲ್ಲ.

ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಿಂದು ಬಂದಳು, ವಿಭೂತಿ ಹಚ್ಚಿಕೊಂಡಳು, ಎಡ ಅಂಗೈ ಚಾಚಿದಳು. ನಾನು ಬಟ್ಟೆ ಬಿಚ್ಚಿ ಲಿಂಗವನ್ನು ಇಟ್ಟೆ. ಅವಳು ಕಣ್ಣು ಮುಚ್ಚಿದಳು. ಅಂಗೈಯನ್ನು ತುಸು ಮೇಲೆತ್ತಿ ಇಳಿಸಿದಳು. ಕಣ್ಣು ತೆರೆಯದೆಯೇ ಹೇಳಿದಳು: “ಇದು ನಿಮ್ಮದು.”

ನಾನು ಕೈಯಲ್ಲಿದ್ದ ಬಿಳಿಯ ಬಟ್ಟೆಯನ್ನು ಮಡಿಸತೊಡಗಿದೆ.

“ದಿನಾ ಮುಂಜಾನಿ ನನ್ನ ಕೈಯಾಗ ಕೂಡೂ ದೇವರ ಭಾರ ನನಗ ತಿಳಿಯಂಗಿಲ್ಲೇನ್ರಿ?” ನನ್ನ ಅಂಗೈ ಬಿಡಿಸಿ ಲಿಂಗವನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. “ಕಟ್ಕೋರಿ. ಬರಿಗೊರಳಾಗ ನಿಂದ್ರಬ್ಯಾಡ್ರಿ.”

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನನಗೆ ಬೇರೆ ದಾರಿ ತೋಚಲಿಲ್ಲ. ಮಧ್ಯಾಹ್ನದ ರೈಲಿಗೆ ಹೊರಡೋಣ, ಆದದ್ದಾಗಲಿ ಎಂದು ಗಂಟು ಕಟ್ಟತೊಡಗಿದೆ. ಅವಳಿಗೆ ಎದ್ದು ನಿಲ್ಲಲು ಗೋಡೆ ಬೇಕಾಗಿತ್ತು.

ಆಗ ಭೂಟಿಯಾ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಕೆಸರು ಮೊಣಕಾಲಿನವರೆಗೆ ಮೆತ್ತಿತ್ತು. “ಮಿಲಾ, ಮಿಲಾ!” ಎಂದಳು. ನಾನು ಕೈಚಾಚಿದರೆ ತಲೆಯಲ್ಲಾಡಿಸಿದಳು. ಅವಳು ತಂದಿರಲಿಲ್ಲ. ದನ ಕಾಯುವವನೊಬ್ಬನಿಗೆ ಹಾದಿಯಲ್ಲಿ ಅದು ಸಿಕ್ಕಿತ್ತಂತೆ. ಎದೆಯ ಮೇಲಿನ ಡಬ್ಬಿ ಯಾರದೋ ದೇವರು, ಮನೆಯಲ್ಲಿಟ್ಟುಕೊಳ್ಳಬಾರದು ಎಂದು ಅವನು ಏಣಿನ ಆಚೆಯ ಚಿಕ್ಕ ಗುಂಪಾದಲ್ಲಿ, ಅಂದರೆ ಅವರ ಮಠದಲ್ಲಿ, ಇಟ್ಟು ಹೋಗಿದ್ದ. ಅವಳು ಮನೆ ಮನೆ ಕೇಳುತ್ತ ಅಲ್ಲಿಗೆ ಮುಟ್ಟಿದ್ದಳು. ತಾನು ತರಬಹುದಿತ್ತು, ಆದರೆ ಇನ್ನೊಬ್ಬರದನ್ನು ಮುಟ್ಟುವುದು ಸರಿಯಲ್ಲ, ಅದರ ಒಡತಿಯೇ ಬರಬೇಕು ಎಂದಳು.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಹೆಂಡತಿ ಚಪ್ಪಲಿ ಮೆಟ್ಟಿದ್ದಳು. ನಡೆದದ್ದು ಹತ್ತು ಹೆಜ್ಜೆ ಮಾತ್ರ. ಆಮೇಲೆ ಭೂಟಿಯಾ ಹೆಂಗಸು ಬಗ್ಗಿ ಬೆನ್ನು ತೋರಿಸಿದಳು. ನಮ್ಮ ಟ್ರಂಕಿನ ಪಟ್ಟಿಯನ್ನೇ ಹಣೆಗೆ ಹಾಕಿಕೊಂಡು ನನ್ನ ಹೆಂಡತಿಯನ್ನು ಹೊತ್ತು ಬೆಟ್ಟ ಹತ್ತಿದಳು.

“ಟ್ರಂಕಿಗಿಂತ ಹಗುರ ಅದೀನಿ ಅಂತ ಹೇಳ್ರಿ ಆಕಿಗೆ,” ಎಂಬ ಕ್ಷೀಣ ದನಿ ಮೇಲಿನಿಂದ ಬಂತು. ನಾನು ಹೇಳಿದೆ. ಆ ಹೆಂಗಸು ಇಲ್ಲವೆಂದು ಜೋರಾಗಿ ತಲೆಯಲ್ಲಾಡಿಸಿದಳು.

ಗುಂಪಾ ನಮ್ಮ ಹಳ್ಳಿಯ ಗುಡಿಯಷ್ಟೇ ಇತ್ತು. ಒಳಗೆ ಬೆಣ್ಣೆಯ ದೀಪಗಳ ವಾಸನೆ. ಬುದ್ಧನ ಮೂರ್ತಿಯ ಕೆಳಗಿನ ಮೆಟ್ಟಿಲ ಮೇಲೆ ಬಿಳಿಯ ರೇಷ್ಮೆಯ ಬಟ್ಟೆ ಹಾಸಿ ಕರಡಿಗೆಯನ್ನು ಇಟ್ಟಿದ್ದರು. ಅದರ ಮುಂದೆಯೂ ಒಂದು ದೀಪ. ವಯಸ್ಸಾದ ಲಾಮಾ ಬಟ್ಟೆಯ ಸಮೇತ ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದರು. ಏನೋ ಹೇಳಿದರು. ನಮ್ಮ ಹೆಂಗಸು ಅದನ್ನು ಹಿಂದುಸ್ತಾನಿಗೆ ತಿರುಗಿಸಿದಳು, ನಾನು ಕನ್ನಡಕ್ಕೆ: ಯಾರೂ ತೆರೆದಿಲ್ಲ, ಯಾವ ದೇವರೆಂದು ತಿಳಿಯದು, ಅತಿಥಿ ಎಂದು ದೀಪ ಹಚ್ಚಿದೆವು.

ಕರಡಿಗೆಯ ಮುಚ್ಚಳಕ್ಕೆ ಅವಳು ಸುತ್ತಿದ್ದ ನೂಲಿನ ಗಂಟು ಹಾಗೇ ಇತ್ತು. ಅಂಗಳದ ಮೂಲೆಯಲ್ಲಿ ಕುಳಿತು ಗಂಟು ಬಿಚ್ಚಿದಳು. ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಈ ಸಲ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎರಡು ದಿನದ ಮೇಲೆ ಆಗ ಅತ್ತಳು. ಪೂಜೆ ಮುಗಿಯುವತನಕ ಲಾಮಾ, ಭೂಟಿಯಾ ಹೆಂಗಸು, ಇನ್ನಿಬ್ಬರು ಮುದುಕರು ದೂರದಲ್ಲಿ ಮುಖ ಬೇರೆ ಕಡೆ ತಿರುಗಿಸಿ ಕುಳಿತಿದ್ದರು. ಯಾರೂ ಹಾಗೆ ಮಾಡಿರೆಂದು ಹೇಳಿರಲಿಲ್ಲ.

ಆಮೇಲೆ ನೀರು ಬಂತು, ಹಿತ್ತಾಳೆಯ ಬಟ್ಟಲಲ್ಲಿ. ಗುಟುಕು ಗುಟುಕಾಗಿ ಕುಡಿದಳು. ಹಿಂದೆಯೇ ಉಪ್ಪು, ಬೆಣ್ಣೆ ಹಾಕಿದ ಚಹ ಬಂತು. ನಾನು ಮೂಸಿ ನೋಡಿ ಕೆಳಗಿಟ್ಟೆ.

“ಬಿಸಿ ಮಜ್ಜಿಗಿ ಅಂತ ತಿಳಕೊಂಡು ಕುಡೀರಿ. ಮನಿಗೆ ಬಂದವರಿಗೆ ಕೊಟ್ಟಾರ,” ಎಂದಳು. ತನ್ನ ಬಟ್ಟಲನ್ನು ಖಾಲಿ ಮಾಡಿ ಇನ್ನೊಂದು ಬಟ್ಟಲು ಹಾಕಿಸಿಕೊಂಡಳು. ಕೆನ್ನೆಗೆ ತುಸು ಬಣ್ಣ ಬಂತು. ಆಗ ನನ್ನನ್ನು ಓರೆಗಣ್ಣಿನಿಂದ ನೋಡಿದಳು.

“ಒಂದು ಮಾತ ಕೇಳ್ತೀನಿ. ಮುಂಜಾನಿ ನಾ ಅದನ್ನ ನನ್ನದ ಅಂತ ಕಟ್ಕೊಂಡಿದ್ರ, ನೀವ್ ಏನ್ ಮಾಡವರಿದ್ರಿ?”

“ಕಾಶಿತನ ಉಪವಾಸ ಇರ್ತಿದ್ದೆ.”

“ನೀರಿಲ್ದs?”

“ನೀರಿಲ್ದs.”

“ನನಗ ತಿಳೀಲಾರದಂಗ?”

“ಹೂಂ.”

ಅವಳು ಬಟ್ಟಲನ್ನು ಕೆಳಗಿಟ್ಟಳು. “ಊಟಕ್ಕ ಅರ್ಧ ತಾಸು ತಡ ಆದ್ರ ಅಂಗಡಿ ಮುಚ್ಚಿ ಓಡಿ ಬರ್ತೀರಿ,” ಎಂದಳು. “ಮೂರು ದಿನ ನನ್ನ ಎದುರಿಗೆ ಕುಂತು ಉಂಡಂಗ ನಟನಾ ಮಾಡವರಂತ. ಯಾರ ಮುಂದ ಹೇಳಲಿ ನಾ ಇದನ್ನ?”

ಯಾರ ಮುಂದೆಯೂ ಹೇಳಲಿಲ್ಲ.